ಷಡ್ಡಕರ ಲೆನ್ಸಿಗೆ ಮೂರು ಕಾಲು

ಹಲ್ಲಿನ ಡಾಕ್ಟರು ತೀರಿಕೊಂಡ ಸುದ್ದಿ ಬಂದಾಗ ಸ್ಟುಡಿಯೋದವರು ಒಬ್ಬ ಗಿರಾಕಿಯ ಗದ್ದವನ್ನು ಎರಡು ಬೆರಳಿನಲ್ಲಿ ಹಿಡಿದು ಎಡಕ್ಕೆ ತಿರುಗಿಸುತ್ತಿದ್ದರು. ಪಾಸ್‌ಪೋರ್ಟಿಗೆ ಬೇಕಾದ ಫೋಟೋ. ಸ್ಟುಡಿಯೋದ ಬೆನ್ನಿಗೇ ಅವರ ಮನೆ, ನಡುವೆ ಒಂದು ಕಪ್ಪು ಪರದೆ. ಆ ಪರದೆಯನ್ನು ಸರಿಸಿ ಹೆಂಡತಿ ಬಂದು ನಿಂತಳು. ಫೋನು ಇನ್ನೂ ಕೈಯಲ್ಲೇ ಇತ್ತು.

"ಭಾವ ಹೋಗ್ಬಿಟ್ರಂತೆ," ಎಂದಳು.

"ಯಾವ ಭಾವ?"

"ಇರೋದೇ ಒಬ್ರು. ಅಕ್ಕನ ಮನೆಯವರು. ಬೆಳಿಗ್ಗೆ ಕೆರೆ ಹತ್ರ ಕೂತಿದ್ದವರು ಕೂತಲ್ಲೇ ಹೋದ್ರಂತೆ. ಕ್ಯಾಮೆರಾಕ್ಕೆ ಹಚ್ಚಿದ ಕಣ್ಣು ಹಚ್ಚಿದ ಹಾಗೇ ಇತ್ತಂತೆ."

ಸ್ಟುಡಿಯೋದವರು ಗಿರಾಕಿಯ ಗದ್ದ ಬಿಟ್ಟು ಕ್ಯಾಮೆರಾದ ಹಿಂದೆ ಹೋಗಿ ಬಟನ್ ಒತ್ತಿದರು. ಕೈಗೆ ಹತ್ತಿದ ಅಭ್ಯಾಸ ಮನಸ್ಸನ್ನು ಕೇಳಿಕೊಂಡು ನಡೆಯುವುದಿಲ್ಲ. ಆಮೇಲೆ ದೀಪ ಆರಿಸಿ, ಗಿರಾಕಿಗೆ ನಾಳೆ ಬನ್ನಿ ಎಂದು ಹೇಳಿ, ಸ್ಟೂಲಿನ ಮೇಲೆ ಕುಳಿತುಕೊಂಡರು.

ದುಃಖ ಬರಲಿಲ್ಲವೆಂದಲ್ಲ, ಬಂತು. ಆದರೆ ಮನೆಗೆ ಹಿರಿಯರು ಬರುವಾಗ ಅವರಿಗಿಂತ ಮುಂಚೆ ಅವರ ನಾಯಿ ಓಡಿಬಂದು ಬಾಗಿಲಲ್ಲಿ ನಿಲ್ಲುವ ಹಾಗೆ, ದುಃಖಕ್ಕಿಂತ ಮುಂಚೆ ಇನ್ನೊಂದು ಬಂದು ನಿಂತಿತು. ಸಾವಿನಲ್ಲೂ ಇವನದೇ ಮೇಲುಗೈ ಎಂದು ಅನ್ನಿಸಿತು. ನರಳಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಯಾರಿಗೂ ಭಾರವಾಗಲಿಲ್ಲ. ಎದುರಿಗೆ ನೀರು, ನೀರಿನಾಚೆ ಮರ, ಮರದ ಮೇಲೆ ಹಕ್ಕಿ. ಇಂಥ ಮರಣ ಎಷ್ಟು ಜನಕ್ಕೆ ಸಿಗುತ್ತದೆ? ಅಂದು ಹಾಗೆ ಅನ್ನಿಸಿದ್ದಕ್ಕೆ ಸ್ಟುಡಿಯೋದವರು ದೇವರ ಪಟದ ಮುಂದೆ ನಿಂತು ಕೆನ್ನೆಗೆ ಹೊಡೆದುಕೊಂಡರು. ಹೊಡೆದುಕೊಂಡ ಮಾತ್ರಕ್ಕೆ ಹೊಟ್ಟೆಯೊಳಗಿನ ಕಿಚ್ಚು ಆರುವುದಾಗಿದ್ದರೆ ಲೋಕದಲ್ಲಿ ಎಲ್ಲರ ಕೆನ್ನೆಯೂ ಕೆಂಪಾಗಿರುತ್ತಿತ್ತು.

ಒಂದೇ ಮನೆಯ ಅಕ್ಕತಂಗಿಯರನ್ನು ಕೈಹಿಡಿದವರ ನಡುವೆ ತಕ್ಕಡಿಯೊಂದು ತಾನಾಗಿಯೇ ತೂಗಿಕೊಂಡಿರುತ್ತದೆ. ಮಾವನ ಮನೆಯಲ್ಲಿ ಡಾಕ್ಟರು ದೊಡ್ಡಳಿಯ. ಓದಿನಲ್ಲಿ ಹೆಚ್ಚು, ಎತ್ತರದಲ್ಲಿ ಹೆಚ್ಚು, ಮಾತಿನಲ್ಲಿ ಮೆದು. ಸ್ಟುಡಿಯೋದವರ ತಟ್ಟೆಯಲ್ಲಿ ಇದ್ದದ್ದು ಕ್ಯಾಮೆರಾ ಒಂದೇ. ಅದೊಂದರಲ್ಲಿ ತನ್ನ ಸಮ ಯಾರೂ ಇಲ್ಲ ಎಂದು ಅವರು ನಿಶ್ಚಿಂತೆಯಿಂದ ಇದ್ದರು. ಎದೆಯ ಬೇನೆಯಿದ್ದ ಡಾಕ್ಟರು ಕೆಲಸದಿಂದ ಬಿಡುವಾದ ಮೇಲೆ ಸುಮ್ಮನೆ ಮನೆಯಲ್ಲಿ ಕೂರಬಾರದಿತ್ತೆ? ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದದ, ತಂಬಿಗೆಯಷ್ಟು ಬಾಯಿಯ ಲೆನ್ಸೊಂದನ್ನು ತಂದುಕೊಂಡರು. ದಿನ ಬೆಳಗಾದರೆ ಕೆರೆಯ ದಂಡೆ ಸೇರಿದರು. ಅವರು ತೆಗೆದ ಬಕಪಕ್ಷಿಯ ಚಿತ್ರ ಪತ್ರಿಕೆಯ ಮುಖಪುಟಕ್ಕೆ ಬಂತು, ಕೆಳಗೆ ಅವರ ಹೆಸರು. ಸ್ಟುಡಿಯೋದವರ ಚಿತ್ರಗಳೂ ಪತ್ರಿಕೆಗೆ ಬರುತ್ತಿದ್ದವು. ಕಾಣೆಯಾದವರ ಮತ್ತು ಕಾಲವಾದವರ ಪುಟದಲ್ಲಿ, ಹೆಸರಿಲ್ಲದೆ.

ಸಾಲದ್ದಕ್ಕೆ ಡಾಕ್ಟರು ಒಂದೊಂದು ಚಿತ್ರವನ್ನೂ ದೊಡ್ಡದು ಮಾಡಿಸಿ, ಸುರುಳಿ ಸುತ್ತಿ, ಸ್ಟುಡಿಯೋಗೆ ತರುತ್ತಿದ್ದರು. ಮೇಜಿನ ಮೇಲೆ ಬಿಡಿಸಿಟ್ಟು, "ಹೇಗಿದೆ, ನಿಜ ಹೇಳಿ," ಎನ್ನುತ್ತಿದ್ದರು. ಸ್ಟುಡಿಯೋದವರು ಕನ್ನಡಕವನ್ನು ಹಣೆಗೇರಿಸಿ ನೋಡಿ, "ಪರವಾಗಿಲ್ಲ," ಎನ್ನುತ್ತಿದ್ದರು. ಅದಕ್ಕಿಂತ ಮುಂದಿನ ಮಾತು ಅವರ ಬಾಯಿಂದ ಯಾವತ್ತೂ ಹೊರಡಲಿಲ್ಲ. ಡಾಕ್ಟರು ನಕ್ಕು ಸುರುಳಿ ಸುತ್ತಿಕೊಂಡು ಹೋಗುತ್ತಿದ್ದರು.

ಬಂದುಹೋಗುವ ನೆಂಟರ ಸಂದಣಿ ಕರಗಿದ ಮೇಲೆ ಒಂದು ದಿನ ಅತ್ತಿಗೆ, ಡಾಕ್ಟರ ಹೆಂಡತಿ, ಇವರನ್ನು ಕರೆಸಿದರು. ಹೆಂಡತಿಯೊಡನೆ ಸ್ಟುಡಿಯೋದವರು ಹೋದಾಗ ಅಲ್ಲಿ ಕನ್ನಡಕದ ಅಂಗಡಿಯವನೂ ಕುಳಿತಿದ್ದ. ಡಾಕ್ಟರ ಜೊತೆ ದಿನವೂ ಕೆರೆಗೆ ಹೋಗುತ್ತಿದ್ದವನು ಅವನೇ. ಕಡೇ ದಿನವೂ ಜೊತೆಗಿದ್ದವನು ಅವನೇ. ಮೇಜಿನ ಮೇಲೆ ಬಿಳಿಯ ಟವೆಲು ಹಾಸಿ ಅದರ ಮೇಲೆ ಆ ದೊಡ್ಡ ಲೆನ್ಸನ್ನೂ ಕ್ಯಾಮೆರಾವನ್ನೂ ಮಲಗಿಸಿದ್ದರು.

"ಭಾನುವಾರ ಅವರ ನೆನಪಿಗೆ ಒಂದು ಸಭೆ," ಎಂದರು ಅತ್ತಿಗೆ. "ಚಿತ್ರಗಳನ್ನೆಲ್ಲ ಗೋಡೆಗೆ ಹಾಕ್ತಾರೆ. ಆದರೆ ಅವರಿಗೆ ಬೇಕಾಗಿದ್ದ ಚಿತ್ರವೇ ಇಲ್ಲ. ಬಕದ ಮರಿ ಮೊದಲ ಸಲ ಗೂಡು ಬಿಟ್ಟು ಹಾರೋದನ್ನ ಹಿಡೀಬೇಕು ಅಂತ ಕಾದು ಕಾದು ಕೂತಿದ್ರು. ಮರಿ ಇನ್ನೂ ಗೂಡಲ್ಲೇ ಇದೆಯಂತೆ. ಇವರೇ ಬಿಟ್ಟು ಹೋದ್ರು."

ಅತ್ತಿಗೆ ಸೆರಗಿನಿಂದ ಮೂಗೊರೆಸಿಕೊಂಡು ಮುಂದುವರಿಸಿದರು. "ಆ ಚಿತ್ರ ಯಾರಾದ್ರೂ ತೆಗೆದುಕೊಟ್ರೆ ಸಭೇಲಿ ಇಡ್ತೀನಿ. ತೆಗೆದವರ ಹತ್ರವೇ ಈ ಲೆನ್ಸೂ ಇರಲಿ. ಮನೇಲಿ ಇದನ್ನ ನೋಡ್ಕೊಂಡು ಇರೋಕೆ ನನ್ನ ಕೈಲಾಗಲ್ಲ."

ಕನ್ನಡಕದವನು ಗಂಟಲು ಸರಿಮಾಡಿಕೊಂಡ. ಅವನು ಬಾಯಿ ತೆರೆಯುವುದರೊಳಗೆ ಸ್ಟುಡಿಯೋದವರು ಎದ್ದು ನಿಂತಿದ್ದರು. "ನಾನು ತೆಗೀತೀನಿ ಅತ್ತಿಗೆ. ಹುಟ್ಟಿದಾಗಿಂದ ಇದೇ ಕೆಲಸ ಮಾಡಿದೀನಿ."

"ಹುಟ್ಟಿದಾಗಿಂದ ಹಕ್ಕಿ ತೆಗೆದಿಲ್ಲವಲ್ಲ ಸಾರ್," ಎಂದ ಕನ್ನಡಕದವನು. "ಅದು ಗದ್ದ ಎತ್ತಿ ಅಂದ್ರೆ ಎತ್ತಲ್ಲ."

"ಕನ್ನಡಕ ಮಾರಿದವರಿಗೆಲ್ಲ ಕಣ್ಣು ಬರಲ್ಲಪ್ಪ."

"ಆಯ್ತು, ಮೊದಲು ನೀವೇ ಪ್ರಯತ್ನ ಮಾಡಿ. ಆಗದಿದ್ರೆ ನಾನಿದೀನಿ. ಡಾಕ್ಟರ ಟ್ರೈಪಾಡು ನನ್ನ ಅಂಗಡೀಲಿದೆ ಅಮ್ಮ, ಕಳಿಸಿಕೊಡ್ಲಾ?"

"ಬೇಡ, ಅದು ನಿಮ್ಮ ಹತ್ರವೇ ಇರಲಿ," ಎಂದರು ಅತ್ತಿಗೆ. ಏಕೆ ಎಂದು ಹೇಳಲಿಲ್ಲ.

ಈ ಮಾತು ಸ್ಟುಡಿಯೋದವರ ಎದೆಗೆ ಮುಳ್ಳಾಗಿ ನಾಟಿತು. ಲೆನ್ಸನ್ನು ಪಂದ್ಯಕ್ಕಿಟ್ಟ ಹಾಗೆ ಇಟ್ಟರು. ಟ್ರೈಪಾಡನ್ನು ಮಾತ್ರ ಕೇಳದೆ ಕೊಟ್ಟರು. ಮನೆಯ ಅಳಿಯನಾದ ನನಗಿಲ್ಲದ್ದು ಬೀದಿಯ ಅಂಗಡಿಯವನಿಗೆ. ದಾರಿಯುದ್ದಕ್ಕೂ ಅವರು ಮಗುವನ್ನು ಎತ್ತಿಕೊಂಡಂತೆ ಲೆನ್ಸನ್ನು ಎದೆಗವಚಿಕೊಂಡು ನಡೆದರು. ಹೆಂಡತಿ ಹಿಂದಿನಿಂದ, "ಅವನ ಹತ್ರ ಒಂದು ಮಾತು ಕೇಳಿದ್ರೆ ಟ್ರೈಪಾಡು ಕೊಡ್ತಾನೆ ಕಣ್ರೀ," ಎಂದಳು. ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸದಂತೆ ನಡೆದರು.

ಸ್ಟುಡಿಯೋದಲ್ಲಿದ್ದ ಹಳೆಯ ಸ್ಟ್ಯಾಂಡಿನ ಮೇಲೆ ಲೆನ್ಸನ್ನು ಕೂರಿಸಿ ನೋಡಿದರು. ಕ್ಯಾಮೆರಾದ ಪರದೆಯಲ್ಲಿ ಎದುರು ಗೋಡೆಯ ಮೊಳೆ ಜ್ವರ ಬಂದವನಂತೆ ನಡುಗಿತು. ಉಸಿರು ಬಿಟ್ಟರೆ ನಡುಕ, ಬೀದಿಯಲ್ಲಿ ಲಾರಿ ಹೋದರೆ ನಡುಕ. ಅದು ಹಗುರವಾದ ಕ್ಯಾಮೆರಾಗಳನ್ನು ಸಮತಟ್ಟಾದ ನೆಲದ ಮೇಲೆ ಹೊತ್ತು ಮುದಿಯಾದ ಸ್ಟ್ಯಾಂಡು. ಈ ವಯಸ್ಸಿನಲ್ಲಿ ಅದಕ್ಕೆ ಆನೆಯನ್ನು ಹೊರಿಸುವುದು ಧರ್ಮವಲ್ಲ. ಮರುದಿನವೇ ಅವರು ಪೇಟೆಯ ಕ್ಯಾಮೆರಾ ಅಂಗಡಿಗೆ ಹೋದರು.

ಅಂಗಡಿಯಾತ ತಿಳಿದವನು, ಆದರೆ ವಿಪರೀತ ಮಾತುಗಾರ. ಲೆನ್ಸನ್ನು ಕೈಯಲ್ಲಿ ತೂಗಿ ನೋಡಿ, "ಕ್ಯಾಮೆರಾ ಸೇರಿದ್ರೆ ಒಂದು ವರ್ಷದ ಮಗುವಿನ ಭಾರ ಇದೆ," ಎಂದ. "ಪೆಟ್ಟಿಗೆ ಮೇಲೆ ಇಷ್ಟು ತೂಕ ಹೊರುತ್ತೆ ಅಂತ ಬರೆದಿರ್ತಾರೆ. ಅದನ್ನ ಮದುವೆ ದಲ್ಲಾಳಿ ಮಾತಿನ ಹಾಗೆ ಅರ್ಧಕ್ಕಿಳಿಸಿ ನಂಬಬೇಕು. ಕಾಲು ದಪ್ಪ ಇರಬೇಕು. ಮಡಿಕೆ ಕಡಿಮೆ ಇರಬೇಕು, ಯಾಕಂದ್ರೆ ಎಲ್ಲಿ ಕೀಲೋ ಅಲ್ಲಿ ನಡುಕ. ನಡುವೆ ಮೇಲೇಳೋ ಕಂಬ ಇರಲೇಬಾರದು. ಅದನ್ನ ಎತ್ತಿದ್ರೆ ಮೂರು ಕಾಲಿನ ಮೇಲೆ ಒಂದು ಕಾಲು ನಿಲ್ಲಿಸಿದ ಹಾಗೆ."

ಆತ ಎರಡನ್ನು ತಂದು ನಿಲ್ಲಿಸಿದ. ಒಂದು ಕಪ್ಪಗೆ ಹೊಳೆಯುವ ಕಾರ್ಬನ್ನಿನದು, ಇನ್ನೊಂದು ಲೋಹದ್ದು. ಸ್ಟುಡಿಯೋದವರು ಎರಡರ ನೆತ್ತಿಯನ್ನೂ ಅಂಗೈಯಿಂದ ಬಲವಾಗಿ ಅದುಮಿದರು. ಎರಡೂ ಜಗ್ಗಲಿಲ್ಲ. ಒಂದು ಕಾಲನ್ನು ಬೆರಳಿನಿಂದ ಮೀಟಿ, ಮೇಲೆ ಕೈಯಿಟ್ಟು ನೋಡಿದರು. ಕಾರ್ಬನ್ನಿನದರಲ್ಲಿ ನಡುಕ ಹುಟ್ಟಿದಲ್ಲೇ ಸತ್ತಿತು. ಲೋಹದ್ದರಲ್ಲಿ ಒಂದು ಕ್ಷಣ ಗುಂಯ್‌ಗುಟ್ಟಿತು.

"ಇದನ್ನೇ ತಗೊಳ್ಳಿ," ಎಂದು ಆತ ಕಪ್ಪನೆಯದನ್ನು ಮುಂದೆ ಸರಿಸಿದ. "ಡಾಕ್ಟರು ತಗೊಂಡಿದ್ದೂ ಇದೇ. ಹಗುರ, ಗಟ್ಟಿ."

ಆ ಒಂದು ಮಾತು ಬೇಕಿರಲಿಲ್ಲ. ಸ್ಟುಡಿಯೋದವರ ಮುಖ ಬಿಗಿಯಿತು. "ಅದು ದಪ್ಪ ಇದೆಯಲ್ಲ, ಲೋಹದ್ದು?"

"ದಪ್ಪ ಇದೆ. ಭಾರವೂ ಇದೆ. ಹೊರೋರು ಬೇಕಲ್ಲ?"

"ನಾನು ಮದುವೆಮನೆ ದೀಪ ಹೊತ್ತವನು. ಅದನ್ನೇ ಕೊಡು. ಡಾಕ್ಟರದ್ದಕ್ಕಿಂತ ದೊಡ್ಡದು ತಾನೆ?"

"ದೊಡ್ಡದೇ. ಸರಿ, ಮೇಲೆ ಲೆನ್ಸು ಕೂರಿಸೋ ತಲೆ? ಇಂಥ ಲೆನ್ಸಿಗೆ ಗಿಂಬಲ್ ತಲೆ ಬೇಕು. ಲೆನ್ಸು ಅದರಲ್ಲಿ ತೊಟ್ಟಿಲಲ್ಲಿ ಮಲಗಿದ ಹಾಗೆ ತೂಗಾಡುತ್ತೆ. ಹಿಂದೆ ಮುಂದೆ ಸರಿಸಿ ಸಮತೂಕ ಮಾಡಿಬಿಟ್ರೆ ಸ್ಕ್ರೂ ಬಿಗಿಯೋದೇ ಬೇಡ, ಬೆರಳಲ್ಲಿ ತಿರುಗಿಸಿ ಕೈ ಬಿಟ್ರೆ ಬಿಟ್ಟಲ್ಲೇ ನಿಲ್ಲುತ್ತೆ. ಗುಂಡಿನ ತಲೆ, ಅಂದ್ರೆ ಉರುಳೋ ಗುಂಡಿನ ಮೇಲೆ ಕ್ಯಾಮೆರಾ ಕೂರೋದು, ಬೇರೆ ಕೆಲಸಕ್ಕೆ ಚೆನ್ನ. ಅದರ ಮೇಲೆ ಈ ಲೆನ್ಸು ನೆತ್ತಿ ಮೇಲಿನ ಬಿಂದಿಗೆ ಥರ. ಸ್ಕ್ರೂ ಸಡಿಲಿಸಿದ ತಕ್ಷಣ ಮೂಗು ನೆಲಕ್ಕೆ."

"ಡಾಕ್ಟರದ್ದು ಯಾವುದು?"

"ಗಿಂಬಲ್ಲೇ."

"ಹಾಗಾದ್ರೆ ಗುಂಡಿನದು ಕೊಡು. ನಮ್ಮ ಕೈ ಅದಕ್ಕೆ ಪಳಗಿದೆ."

ಅಂಗಡಿಯಾತ ಇವರ ಮುಖವನ್ನೊಮ್ಮೆ ನೋಡಿ, ಇದ್ದುದರಲ್ಲೇ ದೊಡ್ಡ ಗುಂಡಿನ ತಲೆಯನ್ನು ಪೆಟ್ಟಿಗೆಯಿಂದ ತೆಗೆದ. ಹೊಟ್ಟೆಕಿಚ್ಚಿನ ಕಣ್ಣಿಗೆ ಪರರ ಒಳ್ಳೆಯದು ಕಾಣುವುದಿಲ್ಲ ಎಂದು ಹಿರಿಯರು ಹೇಳುತ್ತಾರೆ. ಅದಕ್ಕೆ ತನ್ನ ಒಳ್ಳೆಯದೂ ಕಾಣುವುದಿಲ್ಲ.

ಮನೆಯಲ್ಲಿ ಅದನ್ನು ಬಿಡಿಸಿ ನಿಲ್ಲಿಸಿದಾಗ ಕೋಣೆಯೇ ಸಣ್ಣದಾಯಿತು. ಲೆನ್ಸು ಅದರ ಮೇಲೆ ಬಂಡೆಯ ಹಾಗೆ ಕುಳಿತಿತು. ಗೋಡೆಯ ಮೊಳೆ ಅಲುಗಲಿಲ್ಲ. ಸ್ಟುಡಿಯೋದವರು ಹೆಂಡತಿಯನ್ನು ಕರೆದು ತೋರಿಸಿದರು.

"ಗಟ್ಟಿಯಾಗೇನೋ ಇದೆ," ಎಂದಳು ಆಕೆ. "ಇದಕ್ಕೆ ಮೂರು ಕಾಲು. ನಿಮಗಿರೋದು ಒಂದೂವರೆ. ಯಾರು ಯಾರನ್ನ ಹೊತ್ಕೊಂಡು ಹೋಗೋದು?"

ಎಡ ಮಂಡಿಯ ನೋವಿನ ಸಂಗತಿಯನ್ನು ಹೀಗೆ ಆಡಿ ತೋರಿಸಬೇಕಾಗಿರಲಿಲ್ಲ.

ಬೆಳಗಿನ ತಂಪಿನಲ್ಲಿ ಬೆನ್ನಿಗೆ ಲೆನ್ಸಿನ ಚೀಲ, ಹೆಗಲಿಗೆ ಟ್ರೈಪಾಡು ಏರಿಸಿಕೊಂಡು ಅವರು ಒಬ್ಬರೇ ಹೊರಟರು. ಕೆರೆಯ ಏರಿ ಹತ್ತುವವರೆಗೆ ಮಾನ ಹೊತ್ತು ನಡೆಸಿತು. ಏರಿಯ ಮೇಲೆ ಮಂಡಿ ತಕರಾರು ತೆಗೆಯಿತು. ಹೆಗಲಿನ ಎಲುಬಿಗೆ ಲೋಹ ಒತ್ತಿ ಕಣ್ಣಲ್ಲಿ ನೀರು ಬಂತು. ಎಡ ಹೆಗಲಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಿಸುತ್ತ, ಕೂರುತ್ತ, ಏಳುತ್ತ, ಗೂಡಿನ ಮರದೆದುರು ತಲುಪುವ ಹೊತ್ತಿಗೆ ಬಿಸಿಲು ನೀರಿನ ಮೇಲೆ ಹರಡಿತ್ತು. ಅವರಿಗೆ ಆಗ ಹೊಳೆದ ಪ್ರಶ್ನೆ ಒಂದೇ. ಎದೆಯ ಬೇನೆಯ ಮನುಷ್ಯ ಇದನ್ನೆಲ್ಲ ದಿನವೂ ಹೇಗೆ ಹೊರುತ್ತಿದ್ದ? ಅದರಲ್ಲೂ ಅವನೇ ಮೇಲೆ ಎಂದು ಹೊಟ್ಟೆ ಮತ್ತೊಮ್ಮೆ ಉರಿಯಿತು.

ಮರಿ ಗೂಡಿನ ಅಂಚಿನಲ್ಲೇ ನಿಂತಿತ್ತು. ತಾಯಿಹಕ್ಕಿ ನೀರಿನ ಮೇಲೆ ತಗ್ಗಾಗಿ ಹಾರಿ ಬರುವುದು ಕಂಡಿತು. ಸ್ಟುಡಿಯೋದವರು ಲಗುಬಗೆಯಿಂದ ಲೆನ್ಸು ಕೂರಿಸಿ, ಹಕ್ಕಿಯನ್ನು ಹಿಂಬಾಲಿಸಲೆಂದು ಗುಂಡಿನ ಸ್ಕ್ರೂ ಸಡಿಲಿಸಿದರು. ಸ್ಟುಡಿಯೋದಲ್ಲಿ ಹಾಗೆ ಮಾಡಿಯೇ ಅಭ್ಯಾಸ. ಸ್ಕ್ರೂ ಸಡಿಲಿಸಿ, ಗಿರಾಕಿಯನ್ನು ಮಾತಾಡಿಸುತ್ತ, ನಿಧಾನವಾಗಿ ಕ್ಯಾಮೆರಾ ತಿರುಗಿಸುವುದು. ಇಲ್ಲಿ ಲೆನ್ಸು ನಿಧಾನ ಮಾಡಲಿಲ್ಲ. ತೂಕಡಿಸುವವನ ತಲೆಯಂತೆ ಮುಗ್ಗರಿಸಿ ಟ್ರೈಪಾಡಿನ ಕಾಲಿಗೆ ಠಣ್ಣೆಂದು ಬಡಿಯಿತು. ತಾಯಿಹಕ್ಕಿ ಗೂಡಿಗಿಳಿಯಿತು, ಮರಿಗೆ ಉಣಿಸಿತು, ಹೊರಟೂ ಹೋಯಿತು. ಸ್ಟುಡಿಯೋದವರು ಎರಡೂ ಕೈಯಿಂದ ಲೆನ್ಸಿನ ಕತ್ತು ಹಿಡಿದುಕೊಂಡು ನಿಂತಿದ್ದರು.

"ಗಾಜಿಗೇನೂ ಆಗಿಲ್ಲ," ಎಂಬ ದನಿ ಹಿಂದಿನಿಂದ ಬಂತು. "ಅಂಚಿನ ಬಳೆ ಒಂಚೂರು ನೆಗ್ಗಿದೆ."

ಕನ್ನಡಕದವನು. ಅವನ ಹೆಗಲ ಮೇಲೆ ಡಾಕ್ಟರ ಟ್ರೈಪಾಡು. ಅದರ ಮೇಲೆ ಏನೂ ಇಲ್ಲ.

"ನಾನು ಸೋಲೋದನ್ನ ನೋಡೋಕೆ ಬಂದೆಯಾ?"

"ಅದಕ್ಕೂ ಬಂದೆ ಅಂತಲೇ ಇಟ್ಕೊಳ್ಳಿ. ದಿನಾ ಬರ್ತೀನಿ. ಇದನ್ನ ಹೊತ್ಕೊಳ್ಳದೆ ಬಂದ್ರೆ ಈ ಹೆಗಲಿಗೆ ನಡೆಯೋಕೇ ಬರಲ್ಲ." ಅವನು ಇವರ ಟ್ರೈಪಾಡನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಇದೇನು ಸಾರ್, ಸೇತುವೆ ಕಟ್ಟೋಕೆ ತಂದಿದ್ದಾ?"

"ದಿನಾ ನೀನೇ ಹೊರ್ತಿದ್ದೆಯಾ ಅದನ್ನ?"

"ಮತ್ತೆ? ಡಾಕ್ಟರು ಲೆನ್ಸು, ನಾನು ಕಾಲು. ಎರಡೂ ಹೊರೋಕೆ ಅವರ ಎದೆ ಎಲ್ಲಿತ್ತು? ಇಷ್ಟು ವರ್ಷ ಕಾಲು ಹೊತ್ತೆ. ಅವರು ತೆಗೆದಾದ ಮೇಲೆ ಬೆಳಕು ಉಳಿದಿದ್ರೆ ನನಗೂ ಒಂದೆರಡು ತೆಗೆಯೋಕೆ ಬಿಡ್ತಿದ್ರು."

ಅತ್ತಿಗೆ ಟ್ರೈಪಾಡನ್ನು ಯಾರಿಗೆ ಏಕೆ ಬಿಟ್ಟರು ಎಂಬುದು ಸ್ಟುಡಿಯೋದವರಿಗೆ ಈಗ ಅರ್ಥವಾಯಿತು. ಅರ್ಥವಾದದ್ದರಿಂದ ಸಮಾಧಾನವೇನೂ ಆಗಲಿಲ್ಲ. ತನ್ನನ್ನು ಒಂದು ದಿನವೂ 'ಬಾ, ಹೊರು' ಎಂದು ಕರೆಯಲಿಲ್ಲವಲ್ಲ ಎಂಬ ಹೊಸ ಉರಿಯೊಂದು ಹಳೆಯದರ ಪಕ್ಕದಲ್ಲಿ ಹೊತ್ತಿಕೊಂಡಿತು.

"ಅದೃಷ್ಟವಂತ ನೀನು," ಎಂದರು, ಕಹಿಯಾಗಿ.

ಕನ್ನಡಕದವನು ನಗಲಿಲ್ಲ. "ಒಳ್ಳೇ ಮಾತು ಹೇಳಿದ್ರಿ. ನಿಮ್ಮ ಹೆಸರು ಕೇಳಿದ್ರೆ ನನಗೆ ಆಗ್ತಿರಲಿಲ್ಲ, ಗೊತ್ತಾ? ಡಾಕ್ಟರಿಗೆ ಒಂದು ಚಿತ್ರ ಚೆನ್ನಾಗಿ ಬಂತು ಅಂದ್ರೆ ಸಾಕು, ಸ್ಟುಡಿಯೋಗೆ ತೋರಿಸ್ಬೇಕು ಅನ್ನೋರು. ನಾನು ಚೆನ್ನಾಗಿದೆ ಅಂದ್ರೆ, ನಿನಗೆಲ್ಲಾ ಚೆನ್ನಾಗೇ ಕಾಣುತ್ತೆ ಅಂತ ನಗೋರು. ನೀವು ಪರವಾಗಿಲ್ಲ ಅಂದ್ರೆ ಎರಡು ದಿನ ಅದೇ ಮಾತು. ಕಾಲು ಹೊತ್ತೋನು ನಾನು. ಬೆಲೆ ನಿಮ್ಮ ಮಾತಿಗೆ."

ಸ್ಟುಡಿಯೋದವರು ನೀರಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ ತಮ್ಮ ಲೋಹದ ಟ್ರೈಪಾಡಿನಿಂದ ಲೆನ್ಸನ್ನು ಬಿಡಿಸಿ ಕೈಯಲ್ಲಿ ಹಿಡಿದುಕೊಂಡರು.

"ನಿನ್ನದನ್ನ ನಿಲ್ಲಿಸು," ಎಂದರು.

"ಯಾರು ತೆಗೆಯೋದು?"

"ನಾನು. ನನ್ನ ಸರದಿ ಇನ್ನೂ ಮುಗಿದಿಲ್ಲ."

"ಕೇಳೋದ್ರಲ್ಲೂ ದೌಲತ್ತು ಬಿಡಲ್ಲ ನೀವು," ಎನ್ನುತ್ತ ಅವನು ಕಾಲುಗಳನ್ನು ಬಿಡಿಸಿ ಮಣ್ಣಿಗೆ ಊರಿದ. ಲೆನ್ಸನ್ನು ಇಬ್ಬರೂ ಸೇರಿ ಗಿಂಬಲ್ಲಿನ ತೊಟ್ಟಿಲಿಗೆ ಇಳಿಸಿದರು. ಅವನು ಕೊಂಚ ಹಿಂದಕ್ಕೆ ಎಂದ. ಇವರು ಸಾಲದು, ಇನ್ನೂ ಕೊಂಚ ಎಂದರು. ಅಷ್ಟು ಬೇಡ ಎಂದು ಅವನು ಮುಂದಕ್ಕೆ ಸರಿಸಿದ. ಜಗಳವಾಡುತ್ತಲೇ ಒಂದು ಕೂದಲೆಳೆಯ ಜಾಗದಲ್ಲಿ ಅದು ಸಮನಾಯಿತು. ಸ್ಟುಡಿಯೋದವರು ಒಂದು ಬೆರಳಿನಿಂದ ತಿರುಗಿಸಿ ಕೈ ಬಿಟ್ಟರು. ಬಿಟ್ಟಲ್ಲೇ ನಿಂತಿತು.

"ಅವತ್ತು ಡಾಕ್ಟರನ್ನ ಗಾಡೀಲಿ ಕರ್ಕೊಂಡು ಹೋದ್ವಲ್ಲ," ಎಂದ ಕನ್ನಡಕದವನು, ತಗ್ಗಿದ ದನಿಯಲ್ಲಿ. "ಇದು ಇಲ್ಲೇ ನಿಂತಿತ್ತು. ಸಂಜೆ ಬಂದು ನೋಡಿದೆ. ಇನ್ನೂ ಗೂಡನ್ನೇ ನೋಡ್ತಿತ್ತು."

ಇಬ್ಬರೂ ಕಾದರು. ಅಂದು ಮರಿ ಹಾರಲಿಲ್ಲ. ಮರುದಿನ ಮತ್ತೆ ಬಂದರು, ಒಬ್ಬರು ಲೆನ್ಸು ಹೊತ್ತು, ಒಬ್ಬರು ಕಾಲು ಹೊತ್ತು. ಅಂದೂ ಇಲ್ಲ. ಸಭೆಯ ಹಿಂದಿನ ದಿನ ಮೋಡ ಹರಿದು ಬೆಳಕು ಮೆತ್ತಗೆ ಬಿದ್ದಿದ್ದಾಗ, ಮರಿ ಕತ್ತು ಚಾಚಿತು, ಹಿಂದಕ್ಕೆಳೆದುಕೊಂಡಿತು, ಮತ್ತೆ ಚಾಚಿತು. ಯಾರೋ ತಳ್ಳಿದಂತೆ ಹೊರಬಿತ್ತು. ಬಿದ್ದದ್ದು ನಡುವೆ ರೆಕ್ಕೆ ಬಿಚ್ಚಿತು. ಲೆನ್ಸು ಅದರೊಡನೆ ಎಣ್ಣೆಯಲ್ಲಿ ಜಾರಿದಂತೆ ಜಾರಿತು. ಸ್ಟುಡಿಯೋದವರ ಬೆರಳು ಒತ್ತಿಯೇ ಇತ್ತು.

ಹಿಂದಿನ ಪರದೆಯಲ್ಲಿ ಚಿತ್ರ ಮೂಡಿದಾಗ ಕನ್ನಡಕದವನು ಬಗ್ಗಿ ನೋಡಿದ. ಒಂದು ಕಾಲು ಇನ್ನೂ ಗೂಡಿನ ಕಡ್ಡಿಯನ್ನು ಬಿಡುತ್ತಿದೆ. ರೆಕ್ಕೆಯ ಒಂದೊಂದು ಗರಿಯೂ ಎಣಿಸುವಂತಿದೆ.

"ಹೇಗಿದೆ, ನಿಜ ಹೇಳು," ಎಂದರು ಸ್ಟುಡಿಯೋದವರು.

ಅವನು ಬಹಳ ಹೊತ್ತು ನೋಡಿದ. "ನನಗೆ ಹೊಟ್ಟೆ ಉರೀತಿದೆ ಸಾರ್," ಎಂದ.

ಜೀವಮಾನದಲ್ಲಿ ತಮ್ಮ ಕೆಲಸಕ್ಕೆ ಇಷ್ಟು ದೊಡ್ಡ ಹೊಗಳಿಕೆಯನ್ನು ಅವರು ಕೇಳಿರಲಿಲ್ಲ.

ಭಾನುವಾರ ಸಭೆಯ ಕೋಣೆ ತುಂಬಿತ್ತು. ಗೋಡೆಯುದ್ದಕ್ಕೂ ಡಾಕ್ಟರ ಚಿತ್ರಗಳು. ನಟ್ಟನಡುವೆ, ಎಲ್ಲಕ್ಕಿಂತ ದೊಡ್ಡದಾಗಿ, ಗೂಡು ಬಿಡುವ ಮರಿ. ಅತ್ತಿಗೆ ಅದರ ಮುಂದೆ ನಿಂತು ಅತ್ತರು, ಆಮೇಲೆ ಸ್ಟುಡಿಯೋದವರ ಕೈಹಿಡಿದು, "ಲೆನ್ಸು ನಿಮ್ಮದೇ," ಎಂದರು. ಇಷ್ಟು ದಿನ ಬಯಸಿದ್ದು ಕೈಗೆ ಬಂದಿತ್ತು. ಬಂದವರೆಲ್ಲ ಆ ಚಿತ್ರದ ಮುಂದೆಯೇ ಗುಂಪುಗೂಡುವುದನ್ನು ಅವರು ಮೂಲೆಯಲ್ಲಿ ನಿಂತು, ಹೊಸ ಮದುಮಗನ ಹಾಗೆ ನೋಡುತ್ತಿದ್ದರು.

ನಿವೃತ್ತ ಹೆಡ್‌ಮಾಸ್ತರೊಬ್ಬರು ಚಿತ್ರದ ಮುಂದೆ ಕೈಕಟ್ಟಿ ನಿಂತು, "ಡಾಕ್ಟರು ತೆಗೆದ ಕಡೇ ಚಿತ್ರ ಇದೇ ಇರ್ಬೇಕು," ಎಂದರು ಗಟ್ಟಿಯಾಗಿ. "ಕಣ್ಣು ಅಂದ್ರೆ ಇದು. ಇದನ್ನ ತೆಗೆದ ಮೇಲೆ ಪ್ರಾಣ ಬಿಟ್ರೂ ಸಾರ್ಥಕವೇ." ಸುತ್ತ ನಿಂತವರು ಹೌದೆಂದು ತಲೆದೂಗಿದರು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಹೆಡ್‌ಮಾಸ್ತರು ತಿರುಗಿ ಸ್ಟುಡಿಯೋದವರನ್ನು ಕಂಡು, "ಏನಪ್ಪ, ನೀವೂ ನಿಮ್ಮ ಷಡ್ಡಕರ ಹತ್ರ ಒಂಚೂರು ಕಲೀಬೇಕಿತ್ತು," ಎಂದರು.

ರಕ್ತವೆಲ್ಲ ಮುಖಕ್ಕೆ ನುಗ್ಗಿತು. ಒಂದು ಮಾತು ಸಾಕಿತ್ತು. ಆ ಮಾತು ಗಂಟಲವರೆಗೆ ಬಂದಿತ್ತು. ಕನ್ನಡಕದವನು ಗುಂಪಿನಾಚೆಯಿಂದ ದಾರಿ ಮಾಡಿಕೊಂಡು ಬರುತ್ತ, "ಇದು ಅವರದಲ್ಲ ಮಾಸ್ತರೇ, ಇದು..." ಎಂದು ಶುರುಮಾಡಿದ. ಸ್ಟುಡಿಯೋದವರು ಅವನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದರು.

"ಕಲೀಬೇಕಿತ್ತು ಮಾಸ್ತರೇ," ಎಂದರು. "ನಾನೇ ತಡ ಮಾಡ್ದೆ."

ಕನ್ನಡಕದವನು ಇವರ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

ಅಷ್ಟರಲ್ಲಿ ಹಿರಿಯರೊಬ್ಬರು ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನವಾಗಿರಬೇಕೆಂದು ಕೇಳಿಕೊಂಡರು. ಕುರ್ಚಿಗಳ ಸದ್ದು ನಿಂತಿತು. ಸ್ಟುಡಿಯೋದವರು ತಲೆ ತಗ್ಗಿಸಿ ಕಣ್ಣು ಮುಚ್ಚಿದರು.

ದೇವರೇ, ನಿನ್ನ ಮುಂದೆ ಸುಳ್ಳೇಕೆ? ಹೊಟ್ಟೆ ಇನ್ನೂ ಉರಿಯುತ್ತಿದೆ. ನನ್ನ ಚಿತ್ರಕ್ಕೆ ಅವರ ಹೆಸರು ಬಂತು ಎಂದು ಈ ಗಳಿಗೆಯಲ್ಲೂ ಉರಿಯುತ್ತಿದೆ. ಈ ಉರಿ ನನಗೇ ಇರಲಿ, ಇದರ ಹೊಗೆ ಅವರ ದಾರಿಗೆ ಅಡ್ಡ ಬಾರದಿರಲಿ. ಅವರು ನನ್ನ ಬಾಯಿಂದ ಒಂದು ಮಾತಿಗೆ ಕಾದರು, ನಾನು ಆಡಲಿಲ್ಲ. ನೀನಾದರೂ ಆಡು. ತುಂಬಾ ಚೆನ್ನಾಗಿದೆ ಎಂದು ಹೇಳು. ಕಾದು ಕಾದು ದಣಿದ ಜೀವ ಅದು, ಹತ್ತಿರ ಕೂರಿಸಿಕೋ. ಆ ಆತ್ಮಕ್ಕೆ ಶಾಂತಿ ಕೊಡು, ತಂದೆ.